ಕ್ರೀಮಿಗೆಂದು ತೆಗೆದಿಟ್ಟ ಬೆಣ್ಣೆ

ನನ್ನ ಬಲಗೈ ಈಗ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಿಕೊಳ್ಳುವುದಕ್ಕೂ ಎಡಗೈಯನ್ನೇ ಕರೆಯಬೇಕು. ಡಾಕ್ಟರು, "ಬಹಳ ವರ್ಷ ಭಾರ ಎತ್ತಿದ್ದೀರಾ?" ಎಂದು ಕೇಳಿದರು. ಇಲ್ಲ, ಬೆಣ್ಣೆ ತಿರುವಿದ್ದೇನೆ ಎಂದೆ. ಮಜ್ಜಿಗೆ ಕಡೆಯುವುದು ಎಂದುಕೊಂಡು ಅವರು ಏನೋ ಬರೆದುಕೊಂಡರು. ನಾನು ತಿದ್ದಲಿಲ್ಲ. ಕೇಕಿನ ಮೇಲೆ ಹಚ್ಚುವ ಚಾಕ್ಲೇಟ್ ಕ್ರೀಮು ತಿರುವಿ ತಿರುವಿ ಭುಜ ಹೋಯಿತು ಎಂದು ಆಳಂದದ ಹೆಣ್ಣುಮಗಳೊಬ್ಬಳು ಹೇಳಿದರೆ ನಗು ಬರುತ್ತದೆ. ಬಿಡಿಸಿ ಹೇಳುವ ಹುರುಪೂ ನನ್ನಲ್ಲಿ ಉಳಿದಿಲ್ಲ. ಇಲ್ಲಿ ಬರೆಯುತ್ತಿರುವುದೂ ಭುಜದ ಸಲುವಾಗಿ ಅಲ್ಲ. ಅದಕ್ಕಿಂತ ಬೇರೆ ಕಡೆ ನೋಯುವ ಒಂದು ಸಂಗತಿ ಇದೆ.

ಈ ಕೆಲಸ ನನಗೆ ಅಂಟಿಕೊಂಡದ್ದು ಜೇವರ್ಗಿಯಲ್ಲಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾದ ಹೊಸತು. ನನ್ನ ಗಂಡ ಅಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಎರಡು ಖೋಲಿಯ ಬಾಡಿಗೆ ಮನೆ. ಗೋಡೆಯಾಚೆ ಆಸ್ಪತ್ರೆಯ ನರ್ಸ್ ಒಬ್ಬರಿದ್ದರು, ಮಂಗಳೂರು ಕಡೆಯವರು. ಊರೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನಾನು ಟಿಸಿಎಚ್ ಮುಗಿಸಿದವಳು. ಸರ್ಕಾರಿ ಶಾಲೆಯಿಂದ ಕರೆ ಬಂದೀತು ಎಂದು ಪೋಸ್ಟ್‌ಮ್ಯಾನನ ಸೈಕಲ್ ಗಂಟೆಗೆ ಕಿವಿಕೊಟ್ಟು ಕೂತಿರುತ್ತಿದ್ದೆ. ಸೈಕಲ್ ಬರುತ್ತಿತ್ತು, ಹೋಗುತ್ತಿತ್ತು. ಉಳಿದ ಹಗಲನ್ನು ಏನು ಮಾಡುವುದೆಂದು ತಿಳಿಯದೆ ಸಿಸ್ಟರ್ ಮನೆಗೆ ಹೋಗಿ ಕೂರುತ್ತಿದ್ದೆ.

ಒಂದು ಕ್ರಿಸ್ಮಸ್ ಮುಂಚೆ ಅವರು ನನ್ನ ಕೈಗೆ ಒಂದು ಬೋಗೋಣಿ ಮತ್ತು ಕಟ್ಟಿಗೆ ಹುಟ್ಟು ಕೊಟ್ಟು, ಬೆಣ್ಣೆ ತಿರುವು ಎಂದರು. ನಾನು ಕಾಲುಗಂಟೆ ತಿರುವಿ, ಆಯಿತೇ ಎಂದು ಕೇಳಿದೆ.

"ಇನ್ನೂ ಶುರುವೇ ಆಗಲಿಲ್ಲ ಮಾರಾಯ್ತಿ," ಎಂದು ನಕ್ಕರು.

ಆ ಕ್ರೀಮಿನಲ್ಲಿ ಗುಟ್ಟೇನೂ ಇಲ್ಲ. ಬೆಣ್ಣೆ, ಅದಕ್ಕಿಂತ ತುಸು ಹೆಚ್ಚು ಸಕ್ಕರೆ ಪುಡಿ, ಕೋಕೋ, ಚಿಟಿಕೆ ಉಪ್ಪು, ಎರಡು ಚಮಚ ಹಾಲು. ಕಷ್ಟವೆಲ್ಲ ಕೈಗೆ ಮತ್ತು ಹವೆಗೆ ಸಂಬಂಧಿಸಿದ್ದು. ಬೆಣ್ಣೆ ಗಟ್ಟಿಯಿರಬಾರದು, ಕರಗಲೂಬಾರದು. ಬೆರಳಿಟ್ಟರೆ ಗುಳಿ ಬೀಳಬೇಕು, ಬೆರಳಿಗೆ ಮಾತ್ರ ಎಣ್ಣೆ ಹತ್ತಬಾರದು. ಆ ಹದಕ್ಕೆ ಬರುವವರೆಗೆ ಅದನ್ನು ಹೊರಗೆ ಇಟ್ಟು ಕಾಯಬೇಕು. ಬಳಿಕ ಅದು ಉಬ್ಬಿ, ಬಣ್ಣ ಬಿಟ್ಟು, ಹಗುರಾಗುವವರೆಗೆ ಒಂದೇ ದಿಕ್ಕಿಗೆ ತಿರುವಬೇಕು. ಸಕ್ಕರೆ ಪುಡಿಯನ್ನು ಮೂರು ಸಲಕ್ಕೆ ಹಾಕಬೇಕು. ಕೋಕೋವನ್ನು ಬಿಸಿ ಹಾಲಿನಲ್ಲಿ ಕಲಸಿ, ಪೂರ್ತಿ ಆರಿಸಿ, ಆಮೇಲೆ ಸೇರಿಸಬೇಕು. ಅವಸರ ಮಾಡಿ ಬೆಚ್ಚಗಿರುವಾಗಲೇ ಸುರಿದರೆ ಇಡೀ ಬೋಗೋಣಿ ಒಡೆದು ನೀರು ಬೇರೆ, ಜಿಡ್ಡು ಬೇರೆ ಆಗುತ್ತದೆ. ಜೇವರ್ಗಿಯ ಬೇಸಿಗೆಯಲ್ಲಿ ಇದನ್ನು ಮಾಡುವುದೆಂದರೆ ಹವೆಯ ಜೊತೆ ಜಗಳ. ಮಣ್ಣಿನ ಕೊಡದ ನೀರನ್ನು ಪರಾತದಲ್ಲಿ ಸುರಿದು, ಅದರೊಳಗೆ ಬೋಗೋಣಿ ಕೂರಿಸಿ, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ ತಿರುವುತ್ತಿದ್ದೆವು.

ನಮ್ಮದು ಲಿಂಗವಂತರ ಮನೆ, ತತ್ತಿ ಎಂಬ ಮಾತನ್ನೂ ಅಡುಗೆಮನೆಯಲ್ಲಿ ಆಡುವುದಿಲ್ಲ. ಸಿಸ್ಟರ್ ನನಗಾಗಿ ಮೊಟ್ಟೆಯಿಲ್ಲದೆ ಮೊಸರು, ಸೋಡಾ ಹಾಕಿ ಕೇಕ್ ಮಾಡುವುದನ್ನು ತಾವೇ ಮೊದಲು ಮಾಡಿ ನೋಡಿ, ಎರಡು ಸಲ ಕೆಡಿಸಿ, ಮೂರನೆಯ ಸಲ ಹೇಳಿಕೊಟ್ಟರು. ಅವರ ತಾಳ್ಮೆ ನನಗೆ ಬರಲಿಲ್ಲ. ವಿದ್ಯೆ ಮಾತ್ರ ಬಂತು.

ಮಾವ ತೀರಿಕೊಂಡ ವರ್ಷವೇ ಗಂಡನಿಗೆ ಅಫಜಲಪುರಕ್ಕೆ ವರ್ಗವಾಯಿತು. ಆಳಂದದ ಮನೆ, ಹಿತ್ತಲಿನ ಎರಡು ಎಮ್ಮೆ, ಹೊಲದ ಕೆಲಸದವರು, ಇಷ್ಟನ್ನೂ ಅತ್ತೆಯೊಬ್ಬರೇ ನೋಡಿಕೊಳ್ಳುವುದು ಬೇಡವೆಂದು ನನ್ನನ್ನು ಆಳಂದಕ್ಕೆ ಕಳಿಸಿದರು. ಅವರು ಶನಿವಾರದ ಬಸ್ಸಿಗೆ ಬಂದು ಸೋಮವಾರ ಹೋಗುವುದು ಎಂದಾಯಿತು. ನಾನು ಟ್ರಂಕು, ಸೊಲ್ಲಾಪುರದಿಂದ ತರಿಸಿದ ಕೋಕೋ ಡಬ್ಬಿ, ಅಲ್ಯೂಮಿನಿಯಂ ಗುಂಡು ಓವನ್ ಹಿಡಿದುಕೊಂಡು ಬಂದು ಇಳಿದೆ. ಅತ್ತೆ ಓವನ್ನಿನ ಮುಚ್ಚಳ ತೆಗೆದು ನೋಡಿ, "ಇದರಾಗ ಏನ್ ಬೇಯಸ್ತಿ ಬೇ, ಗುಬ್ಬಿ ಗೂಡು ಇದ್ದಂಗ ಅದ," ಎಂದರು.

ಅತ್ತೆಗೆ ಆಗ ಅರವತ್ತರ ಹತ್ತಿರ. ಎತ್ತರದ ಆಳು, ಮಾತು ಕಮ್ಮಿ. ನಲವತ್ತು ವರ್ಷ ಆ ಅಡುಗೆಮನೆಯನ್ನು ಆಳಿದವರು. ಓಣಿಯ ಹೆಂಗಸರು ಮಜ್ಜಿಗೆಗೆ, ಹೆಪ್ಪಿಗೆ, ಬಾಣಂತಿಗೆ ಬೇಕಾದ ತುಪ್ಪಕ್ಕೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ಅತ್ತೆ ಯಾರ ಬಾಗಿಲಿಗೂ ಬಟ್ಟಲು ಹಿಡಿದು ಹೋದವರಲ್ಲ. ಅವರ ತುಪ್ಪಕ್ಕೆ ಓಣಿಯಲ್ಲಿ ಹೆಸರಿತ್ತು. ಬೆಣ್ಣೆ ಎಂಬುದನ್ನು ಅವರು ಒಂದು ಪದಾರ್ಥ ಎಂದು ನೋಡುತ್ತಲೇ ಇರಲಿಲ್ಲ, ಅದು ಅವರಿಗೆ ಇನ್ನೂ ಕಾಯಿಸದ ತುಪ್ಪ. ಕಡೆದ ಬೆಣ್ಣೆಯನ್ನು ನೀರಿನಲ್ಲಿ ಹಾಕಿಟ್ಟು, ಹೊತ್ತು ಮೀರುವ ಮೊದಲು ಒಲೆಗೆ ಏರಿಸಿ, ವೀಳ್ಯದೆಲೆ ಹಾಕಿ ಇಳಿಸಿದರೆ ಅವರ ಜೀವಕ್ಕೆ ಸಮಾಧಾನ. ಯಾರ ಮನೆಯಲ್ಲಾದರೂ ಹಸಿ ಬೆಣ್ಣೆ ಹೊರಗೆ ಉಳಿದಿದ್ದರೆ ಆ ಮನೆಯ ಹೆಂಗಸಿಗೆ ಮೈಗಳ್ಳತನ ಎಂದು ತಿಳಿಯುವವರು.

ಇಂಥವರ ಮುಂದೆ ನಾನು ಬೆಣ್ಣೆಗೆ ಕೋಕೋ ಕಲಸಿದೆ. "ಎರಿ ಹೊಲದಾಗ ಮಳಿ ಬಿದ್ದಂಗ ಕಾಣ್ತದ," ಎಂದರು. ಹತ್ತಿರ ಬಂದು ಮೂಸಿದರು. ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿ, ದನದ ಕಡೆ ಹೋದರು. ಮರುದಿನ ಬೋಗೋಣಿಯ ಅಂಚಿಗೆ ಉಳಿದದ್ದನ್ನು ರೊಟ್ಟಿಗೆ ಸವರಿಕೊಂಡು ತಿನ್ನುತ್ತಿದ್ದುದನ್ನು ನಾನು ನೋಡಿದೆ, ನೋಡದವಳ ಹಾಗೆ ಇದ್ದೆ. ನಮ್ಮಿಬ್ಬರ ನಡುವೆ ಆಗ ಅಷ್ಟು ಸಲಿಗೆ ಇತ್ತು.

ಸುದ್ದಿ ಓಣಿ ದಾಟಲು ತಡವಾಗಲಿಲ್ಲ. ಹುಟ್ಟಿದ ಹಬ್ಬಕ್ಕೆ ಮೇಣದಬತ್ತಿ ಊದುವ ಆಸೆ ಆಗ ನಮ್ಮ ಕಡೆಗೂ ಬರುತ್ತಿತ್ತು. ಬಜಾರಿನ ಬೇಕರಿಯವರು ಹಚ್ಚುವುದು ವನಸ್ಪತಿ ಕ್ರೀಮು, ಅಂಗುಳಕ್ಕೆ ಮೇಣ ಮೆತ್ತಿದ ಹಾಗೆ ಕೂರುತ್ತದೆ. ಮೇಲಾಗಿ ಅದರಲ್ಲಿ ತತ್ತಿ ಇದ್ದೀತು ಎಂಬ ಅನುಮಾನ. ನಮ್ಮ ಊರಲ್ಲಿ ಬಿಸ್ಕೀಟು ಮಾಡಿಸುವುದಕ್ಕೆ ಒಂದು ಪದ್ಧತಿ ಇದೆ. ಹಿಟ್ಟು, ಸಕ್ಕರೆ, ತುಪ್ಪ ಎಲ್ಲ ಮನೆಯಿಂದಲೇ ಒಯ್ದು, ಭಟ್ಟಿಯ ಮುಂದಿನ ಕಟ್ಟಿಗೆ ಬಾಕಿನ ಮೇಲೆ ಕೂತು, ಕಣ್ಣ ಮುಂದೆಯೇ ಮಾಡಿಸಿಕೊಂಡು ಬರುವುದು. ಆ ಪದ್ಧತಿಯನ್ನೇ ಜನ ನನ್ನ ಅಡುಗೆಮನೆಗೂ ತಂದರು. ಬೆಣ್ಣೆ ಅವರದು, ಸಕ್ಕರೆ ಅವರದು, ಕೈ ನನ್ನದು. "ನಮ್ಮ ಮುಂದs ಮಾಡ್ರಿ, ನೋಡ್ಕೋತ ಕುಂದರ್ತೀವಿ," ಎಂದು ಚಾಪೆ ಎಳೆದುಕೊಂಡು ಕೂರುತ್ತಿದ್ದರು. ಬೆಣ್ಣೆಯೋ, ಒಬ್ಬರದು ಹತ್ತು ದಿನದ ಹಳೆಯದು, ಒಬ್ಬರದರಲ್ಲಿ ಅರ್ಧ ಮಜ್ಜಿಗೆ, ಒಬ್ಬರದಕ್ಕೆ ಉಪ್ಪಿನಕಾಯಿ ಭರಣಿಯ ವಾಸನೆ. ಅದನ್ನೆಲ್ಲ ಐದು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಹಿಂಡಿ, ಹದಕ್ಕೆ ತಂದು, ತಿರುವಿ ಕೊಟ್ಟರೆ, "ಕೈ ಛಲೋ ಅದ ನಿಮ್ದು," ಎಂದು ಹೇಳಿ ಡಬ್ಬಿ ಮುಚ್ಚಿಕೊಂಡು ಹೋಗುತ್ತಿದ್ದರು. ಒಲ್ಲೆ ಎನ್ನುವುದು ಹೇಗೆ? ಎಲ್ಲರೂ ಅಕ್ಕ, ಕಾಕಿ, ಅತ್ತೆಯ ಗೆಳತಿಯರು.

ಒಮ್ಮೆ ಗಂಡನ ಸಾಹೇಬರ ಮಗಳ ಹುಟ್ಟುಹಬ್ಬಕ್ಕೆಂದು ಅಫಜಲಪುರಕ್ಕೆ ಕೇಕ್ ಕಳಿಸಿದೆ. ಏಪ್ರಿಲ್ ತಿಂಗಳು. ಬಸ್ಸಿನಲ್ಲಿ ಗಾಣಗಾಪುರಕ್ಕೆ ಹೋಗುವ ಭಕ್ತರ ಗದ್ದಲ, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತೂ ಕೂತೂ ಗಂಡ ಊರು ಮುಟ್ಟುವಷ್ಟರಲ್ಲಿ ಕ್ರೀಮೆಲ್ಲ ಜಾರಿ ಡಬ್ಬಿಯ ತಳಕ್ಕೆ ಬಂದು ನಿಂತಿತ್ತು. ಸಾಹೇಬರ ಹೆಂಡತಿ ಒಳ್ಳೆಯವರು. ಅದನ್ನೇ ವಾಟಿಗಳಲ್ಲಿ ಹಾಕಿ, ಚಮಚ ಕೊಟ್ಟು, ಹೊಸ ನಮೂನೆಯ ಪಾಯಸ ಎಂದು ಬಡಿಸಿದರಂತೆ. ಗಂಡ ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ, ಎರಡು ತಾಸಿನ ತಿರುವು ಕಣ್ಣ ಮುಂದೆ ಬಂತು. ನನಗೆ ಬೇಕಾಗಿದ್ದುದು ಕೈಗೆ ಹೊಗಳಿಕೆಯಲ್ಲ. ಕರಿಹಲಗೆ, ಸೀಮೆಸುಣ್ಣ, ಎದುರಿಗೆ ಅ ಆ ಓದುವ ಮಕ್ಕಳು. ಮೂರು ವರ್ಷ ಕಳೆದರೆ ಸರ್ಕಾರಿ ಕೆಲಸದ ವಯಸ್ಸು ಮೀರುತ್ತಿತ್ತು.

ಹೀಗಿರುವಾಗ ಊರಲ್ಲಿ ಒಂದು ಖಾಸಗಿ ಶಾಲೆ ತೆರೆಯುವ ಮಾತು ಬಂತು. ಮೇ ಕೊನೆಯಲ್ಲಿ ಶಾಲೆಯ ಕಾರ್ಯದರ್ಶಿಗಳ ಹೆಂಡತಿ ನಮ್ಮ ಮನೆಗೆ ಬಂದರು.

"ನಿಮ್ಮ ಕೈಯಾಗಿನ ಚಾಕ್ಲೇಟ್ ಕ್ರೀಮ್ ನಮ್ಮಕ್ಕನ ಮನ್ಯಾಗ ತಿಂದೇನ್ರಿ. ಸಾಲಿ ಉದ್ಘಾಟನಾಕ್ಕ ಎಂಬತ್ತು ಕಪ್ ಕೇಕ್ ಆಗ್ಬೇಕು. ಸಾಮಾನು ನೀವೇ ತರಸ್ರಿ, ರೊಕ್ಕ ನಾವು ಕೊಡ್ತೀವಿ. ವನಸ್ಪತಿ ಮಾತ್ರ ಬ್ಯಾಡ್ರಿ, ಬೆಣ್ಣೀದೇ ಆಗ್ಬೇಕು."

ನಾನು ಎಲ್ಲಿಂದ ಧೈರ್ಯ ತಂದೆನೋ, "ನಾ ಟಿಸಿಎಚ್ ಮಾಡೀನ್ರಿ. ನಿಮ್ಮ ಸಾಲ್ಯಾಗ ಒಂದನೇತ್ತಾ ಕಲಸಾಕ ಯಾರರೆ ಬೇಕಾಗಿದ್ರ ನನ್ನ ನೆನಪು ಇಡ್ರಿ," ಎಂದೆ.

ಅವರು ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಹೌದೇನ್ರಿ? ಒಂದು ಜಾಗಾ ಇನ್ನೂ ಖಾಲಿ ಅದ. ಆದ್ರ ಕೇಳಾವ್ರು ಮೂರು ಮಂದಿ ಇದ್ದಾರ. ಅವತ್ತ ಕಮಿಟಿಯವ್ರೆಲ್ಲಾ ಬರ್ತಾರ. ಕೇಕ್ ತಿಂದ ಮ್ಯಾಲ ನಾನೇ ನಿಮ್ಮನ್ನ ಕರ್ಕೊಂಡು ಹೋಗಿ ಭೆಟ್ಟಿ ಮಾಡಸ್ತೇನಿ. ನೀವು ಕೇಕ್ ಛಲೋ ಮಾಡ್ರಿ."

ಒಂದನೇ ತರಗತಿ ಕಲಿಸುವುದಕ್ಕೂ ಕೇಕಿಗೂ ಏನು ಸಂಬಂಧ ಎಂದು ಈಗ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಂಬಂಧ ಇರಲಿಲ್ಲ. ಆದರೆ ನನ್ನ ಸರ್ಟಿಫಿಕೇಟನ್ನು ಯಾರೂ ನೋಡಲು ಕೇಳಿರಲಿಲ್ಲ, ಕ್ರೀಮನ್ನು ಕೇಳಿದ್ದರು. ಸಿಕ್ಕ ಬಾಗಿಲಿನಿಂದ ಒಳಗೆ ಹೋಗಬೇಕು ಎಂದು ನಿಶ್ಚಯಿಸಿದೆ.

ಬೇಸಿಗೆಗೆ ನಮ್ಮ ಎರಡೂ ಎಮ್ಮೆ ಬತ್ತಿದ್ದವು. ಹಿರೋಳ್ಳಿಯಿಂದ ಸಂತೆಯ ದಿನ ಬೆಣ್ಣೆ ತರುವ ಒಬ್ಬ ಮುದುಕಿಗೆ ಮೊದಲೇ ಹೇಳಿಟ್ಟು, ಒಂದೇ ದಿನ ಕಡೆದ ಎರಡು ಕಿಲೋ ಎಮ್ಮೆ ಬೆಣ್ಣೆ ತರಿಸಿದೆ. ಬಿಳಿ, ಹುಳಿಯಿಲ್ಲದ, ವಾಸನೆಯಿಲ್ಲದ ಬೆಣ್ಣೆ. ಅಂಥದ್ದನ್ನು ನಾನು ಆ ಮೊದಲು ಕೈಯಲ್ಲಿ ಹಿಡಿದಿರಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆಯೇ ಕೇಕುಗಳನ್ನು ಭಟ್ಟಿಯಲ್ಲಿ ಬೇಯಿಸಿ ತಂದು, ಪಡಸಾಲೆಯಲ್ಲಿ ಬಿಳಿ ಪಂಚೆಯ ಮೇಲೆ ಸಾಲಾಗಿ ಆರಲು ಬಿಟ್ಟೆ. ಬೆಣ್ಣೆಯನ್ನು ನೀರಿನಿಂದ ತೆಗೆದು, ಹಿಂಡಿ, ಹದಕ್ಕೆ ಬರಲೆಂದು ಬೋಗೋಣಿಯಲ್ಲಿ ಹಾಕಿ, ಒಲೆಯಿಂದ ದೂರ ಕಟ್ಟೆಯ ಮೇಲೆ ಇಟ್ಟೆ. ಸಕ್ಕರೆ ಪುಡಿ ಮಾಡುವುದಿತ್ತು. ಓಣಿಯಲ್ಲಿ ಮಿಕ್ಸರ್ ಇದ್ದದ್ದು ನಾಲ್ಕನೇ ಮನೆಯ ಅಕ್ಕನ ಹತ್ತಿರ ಒಂದೇ, ಕರೆಂಟು ಬರುವುದು ಹನ್ನೊಂದಕ್ಕೆ. ಸಕ್ಕರೆ ಚೀಲ ಹಿಡಿದುಕೊಂಡು ಹೋದೆ. ಅತ್ತೆ ಆಗ ಹಿತ್ತಲಿನಲ್ಲಿದ್ದರು. ಬೆಣ್ಣೆ ಹಾಗೇ ಇರಲಿ ಎಂದು ಒಂದು ಮಾತು ಹೇಳಿ ಹೋಗಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಕರೆಂಟು ಹನ್ನೆರಡಕ್ಕೆ ಬಂತು. ಪುಡಿ ಮಾಡಿಸಿಕೊಂಡು, ಜರಡಿ ಹಿಡಿದುಕೊಂಡು ತಿರುಗಿ ಬರುತ್ತಿದ್ದೆ. ನಮ್ಮ ಬಾಗಿಲು ಇನ್ನೂ ಎರಡು ಮನೆ ದೂರ ಇರುವಾಗಲೇ ವಾಸನೆ ಬಂತು. ಹೊಸ ತುಪ್ಪದ ವಾಸನೆ, ವೀಳ್ಯದೆಲೆ ಚುರುಗುಟ್ಟಿದ ವಾಸನೆ. ಜಗತ್ತಿನಲ್ಲಿ ಅದಕ್ಕಿಂತ ಒಳ್ಳೆಯ ವಾಸನೆ ಇಲ್ಲ. ಜರಡಿ ಎದೆಗೆ ಒತ್ತಿಕೊಂಡು ಓಡಿದೆ.

ಅತ್ತೆ ಒಲೆಯ ಮುಂದೆ ಕೂತಿದ್ದರು. ಬೋಗೋಣಿಯಲ್ಲಿ ತುಪ್ಪ ತಿಳಿಯಾಗಿ ಬಂಗಾರದ ಬಣ್ಣಕ್ಕೆ ಬಂದಿತ್ತು. ನನ್ನನ್ನು ಕಂಡು ಮುಖ ಅರಳಿಸಿದರು.

"ಬೆಣ್ಣಿ ಹೊರಗs ಬಿಟ್ಟು ಹೋಗಿದ್ದಿ ಅಲ್ಲವ್ವಾ. ಗಡಿಬಿಡ್ಯಾಗ ಮರ್ತಿ ಅನಸ್ತದ. ಮೆತ್ತಗ ಆಗಾಕತ್ತಿತ್ತು. ಕೆಟ್ಟು ಹೋದೀತು ಅಂತ ನಾನೇ ಕಾಸೀನಿ. ನೋಡು, ಎಂಥಾ ತುಪ್ಪ ಆಗ್ಯದ!"

ನನ್ನ ಕೆಲಸ ಹಗುರ ಮಾಡಿದೆ ಎಂಬ ಖುಷಿ ಅವರ ದನಿಯಲ್ಲಿತ್ತು. ಈಗ ಅದು ನನಗೆ ಕೇಳಿಸುತ್ತದೆ. ಆಗ ಕೇಳಿಸಲಿಲ್ಲ. ಹಿಂದಿನ ರಾತ್ರಿ ಮಳೆ ಬಿದ್ದು ಹಳ್ಳ ತುಂಬಿ, ಗುಲ್ಬರ್ಗಾದ ಬಸ್ಸೂ ಬಂದಿರಲಿಲ್ಲ, ಹಿರೋಳ್ಳಿಯ ಬಸ್ಸೂ ಬಂದಿರಲಿಲ್ಲ. ಮರುದಿನ ಹತ್ತಕ್ಕೆ ಉದ್ಘಾಟನೆ. ಪಡಸಾಲೆಯಲ್ಲಿ ಎಂಬತ್ತು ಬೋಳು ಕೇಕುಗಳು. ಎಷ್ಟೋ ತಿಂಗಳ ದಣಿವು ಒಂದೇ ಸಲಕ್ಕೆ ಬಾಯಿಗೆ ಬಂತು.

"ನಿಮಗ ಕೈ ಸುಮ್ಮನ ಇರೂದಿಲ್ಲೇನ್ರಿ? ಯಾರು ಕಾಸು ಅಂದಿದ್ರು? ಆ ಬೆಣ್ಣಿ ನಂದು. ಇನ್ನ ಮ್ಯಾಲ ಈ ಮನ್ಯಾಗ ನನ್ನ ಕೇಳದ ಏನೂ ಮುಟ್ಟಬ್ಯಾಡ್ರಿ!"

ಈ ಮನೆಯಲ್ಲಿ ಎಂದೆ. ನಾನು ಅಲ್ಲಿಗೆ ಬಂದು ಮೂರು ವರ್ಷವೂ ಆಗಿರಲಿಲ್ಲ. ಮಿಕ್ಸರಿನ ಅಕ್ಕ, ನಾನು ಅಲ್ಲೇ ಮರೆತು ಬಂದಿದ್ದ ಸಕ್ಕರೆ ಚೀಲ ಕೊಡಲು ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡು, ಚೀಲವನ್ನು ಅಲ್ಲೇ ಇಟ್ಟು, ಮೆಲ್ಲಗೆ ಹೊರಟುಹೋದಳು.

ಅತ್ತೆ ಒಲೆಯ ಕೊಳ್ಳಿ ಹಿಂದೆ ಎಳೆದು, ನೀರು ಚಿಮುಕಿಸಿ ಆರಿಸಿದರು. "ಈ ಬೆಣ್ಣಿ ಅದಕ್ಕs ಇಟ್ಟಿದ್ದೇನು?" ಎಂದು ಒಂದೇ ಮಾತು ಕೇಳಿದರು. ನಾನು ಪಡಸಾಲೆಗೆ ಹೋಗಿ, ಕೇಕುಗಳಿಗೆ ಬೆನ್ನು ಮಾಡಿ, ಮೊಣಕಾಲಿಗೆ ಮುಖ ಕೊಟ್ಟು ಕೂತೆ. ಅಳು ಬರಲಿಲ್ಲ, ಅಷ್ಟು ಸಾಕಾಗಿತ್ತು. ಹಿತ್ತಲ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ದನದ ಕಡೆ ಹೋಗಿರಬೇಕು ಎಂದುಕೊಂಡೆ.

ಅವರು ಹೋದದ್ದು ಓಣಿಗೆ. ತಲೆಯ ಮೇಲೆ ಸೆರಗು, ಒಂದು ಕೈಯಲ್ಲಿ ಬಿಸಿ ತುಪ್ಪದ ಬೋಗೋಣಿ, ಇನ್ನೊಂದರಲ್ಲಿ ಖಾಲಿ ಬೋಗೋಣಿ. ಬಾಗಿಲಿಂದ ಬಾಗಿಲಿಗೆ ಹೋಗಿ, ಒಂದು ಸೌಟು ತುಪ್ಪ ಕೊಟ್ಟು, ಮನೆಯಲ್ಲಿದ್ದ ಬೆಣ್ಣೆ ಇಸಿದುಕೊಂಡರು. ಬತ್ತಿದ ಕಾಲ. ಒಬ್ಬರ ಮನೆಯಲ್ಲಿ ನಿಂಬೆ ಗಾತ್ರದ ಉಂಡೆ, ಒಬ್ಬರ ಮನೆಯಲ್ಲಿ ಮುಷ್ಟಿಯಷ್ಟು. ಮೂರು ಓಣಿ ತಿರುಗಿ, ಎರಡು ತಾಸಿನ ಮೇಲೆ ಬಂದು, ನನ್ನ ಪಕ್ಕದಲ್ಲಿ ಬೋಗೋಣಿ ಇಟ್ಟರು. ಕುಪ್ಪಸ ಬೆವರಿಗೆ ಒದ್ದೆಯಾಗಿತ್ತು.

"ಇಷ್ಟು ಸಾಕಾಗ್ತದೇನು ನೋಡವ್ವಾ," ಎಂದರು.

ಬಿಳಿ, ಹಳದಿ, ಎಮ್ಮೆಯದು, ಆಕಳದು, ಎಲ್ಲ ಒಂದರ ಮೇಲೊಂದು ಕೂತಿದ್ದವು. ಎರಡು ಉಂಡೆಗೆ ಹುಳಿ ವಾಸನೆ ಇತ್ತು. ನಾನು ಅವನ್ನು ತಣ್ಣೀರಿನಲ್ಲಿ ಒಂಬತ್ತು ಸಲ ತೊಳೆದೆ. ಕೋಕೋ ತುಸು ಹೆಚ್ಚು ಹಾಕಿ, ಉಪ್ಪು ಬಿಟ್ಟು, ಏಲಕ್ಕಿ ಕುಟ್ಟಿ ಸೇರಿಸುವುದೆಂದು ಯೋಚಿಸಿದೆ. ತಿರುವಲು ಕೂತಾಗ ಅತ್ತೆ ಹೇಳಿಸಿಕೊಳ್ಳದೆ ಎದುರಿಗೆ ಬಂದು ಕೂತು, ಬೋಗೋಣಿ ಸರಿಯದಂತೆ ಎರಡೂ ಕೈಯಿಂದ ಹಿಡಿದುಕೊಂಡರು. ಮಧ್ಯಾಹ್ನದ ಮೋಡಕ್ಕೆ ಹವೆ ತಂಪಾಗಿತ್ತು. ನಾನು ತಿರುವಿದೆ, ಅವರು ಹಿಡಿದರು. ಬಣ್ಣ ಬಣ್ಣದ ಬೆಣ್ಣೆ ಒಂದೇ ಬಣ್ಣವಾಯಿತು, ಉಬ್ಬಿತು, ಕೋಕೋ ಕುಡಿದು ಕಪ್ಪಾಯಿತು. ನಮ್ಮಿಬ್ಬರ ತಲೆಗಳ ನಡುವೆ ಒಂದು ಗೇಣು ಅಂತರ ಇರಲಿಲ್ಲ. ತಪ್ಪಾಯಿತು ಎಂಬ ಮಾತು ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಮತ್ತೆ ಬರಲಿಲ್ಲ. ನಾನು ಕ್ರೀಮು ಒಡೆಯದಿರಲಿ ಎಂದಷ್ಟೇ ನೋಡುತ್ತಿದ್ದೆ.

ಒಡೆಯಲಿಲ್ಲ. ಮರುದಿನ ಬೆಳಗಾಗುತ್ತಲೇ ಕಾಗದದ ಸುರುಳಿಯಲ್ಲಿ ತುಂಬಿ ಎಂಬತ್ತಕ್ಕೂ ಹಚ್ಚಿದೆ. ಕಮಿಟಿಯ ಹಿರಿಯರೊಬ್ಬರು ಎರಡು ತಿಂದು, ಮೀಸೆಗೆ ಹತ್ತಿದ್ದನ್ನು ಒರೆಸಿಕೊಳ್ಳುತ್ತ, "ಮೇಡಂ, ಯಾವಾಗಿಂದ ಬರ್ತೀರಿ?" ಎಂದು ಕೇಳಿದರು. ಸರ್ಟಿಫಿಕೇಟನ್ನು ಆಗಲೂ ಯಾರೂ ನೋಡಲಿಲ್ಲ. ಮುಂದಿನ ಸೋಮವಾರದಿಂದ ನಾನು ಒಂದನೇ ತರಗತಿಯ ಟೀಚರ್ ಆದೆ. ಹಾಗೆಯೇ ಆ ಶಾಲೆಯ ಪ್ರತಿಯೊಂದು ಸಮಾರಂಭಕ್ಕೂ ಕ್ರೀಮು ತಿರುವುವವಳೂ ಆದೆ. ಯಾವುದರಿಂದ ತಪ್ಪಿಸಿಕೊಳ್ಳಬೇಕೆಂದು ಒಳಗೆ ಹೋದೆನೋ ಅದು ನನಗಿಂತ ಮೊದಲೇ ಒಳಗೆ ಹೋಗಿ ಕೂತಿತ್ತು. ಇರಲಿ, ಆದರೂ ಕರಿಹಲಗೆ ಸಿಕ್ಕಿತು. ಅದು ಸುಳ್ಳಲ್ಲ.

ಅವತ್ತು ಓಣಿಯಲ್ಲಿ ನಡೆದದ್ದನ್ನು ಮಿಕ್ಸರಿನ ಅಕ್ಕ ತಿಂಗಳ ಮೇಲೆ ಹೇಳಿದಳು.

"ನಿಮ್ಮತ್ತಿ ನಮ್ಮ ಬಾಗಲಾಗ ಬಂದು ನಿಂತ್ರಲ್ಲ, ನಾ ಗಾಬರಿ ಆದೆ. ಯಾರರೆ ತೀರ್ಕೊಂಡಾರೇನೋ ಅಂದ್ಕೊಂಡೆ. ಇಲ್ಲಂದ್ರ ಅವ್ರು ಯಾರ ಮನಿಗೆ ಬರ್ತಾರ? 'ತುಪ್ಪಾ ಇಸ್ಕೋ, ಬೆಣ್ಣಿ ಇದ್ರ ಕೊಡು, ನನ್ನ ಸೊಸಿ ಸಾಲಿ ಟೀಚರ್ ಆಗಾಕಿ ಇದ್ದಾಳ, ತಿಳೀಲಾರದ ನಾ ಅಕಿ ಕೆಲಸ ಕೆಡಿಸೀನಿ' ಅಂದ್ರು. ಎಲ್ಲಾ ಮನ್ಯಾಗೂ ಹಿಂಗs ಹೇಳ್ಯಾರಂತ."

ನಾನು ಆಡಿದ ಮಾತನ್ನು ಅವಳು ಎತ್ತಲಿಲ್ಲ. ಅವಳೂ ಕೇಳಿಸಿಕೊಂಡಿದ್ದಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮನೆಗೆ ಬಂದು ಅತ್ತೆಯ ಮುಂದೆ ಕೂತೆ. ಬಾಯಿ ತೆರೆದೆ. "ನಾಳಿಗಿ ಜೋಳ ಬೀಸಸ್ಬೇಕೇನ್ರಿ?" ಎಂದು ಕೇಳಿ ಎದ್ದೆ. ಮುಂದೆ ಇಷ್ಟು ವರ್ಷ ಮಕ್ಕಳಿಗೆ ತಪ್ಪು ಒಪ್ಪಿಕೊಳ್ಳುವುದನ್ನು ಕಲಿಸಿದವಳು ನಾನು.

ಅವರು ಮುನಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮುನಿಸಿಕೊಳ್ಳಲಿಲ್ಲ. ನಾನು ಶಾಲೆಗೆ ಹೊರಟರೆ ಬುತ್ತಿ ಕಟ್ಟಿ ಕೊಡುತ್ತಿದ್ದರು, ಬಂದವರ ಮುಂದೆ ನನ್ನನ್ನು "ಟೀಚರ್" ಎನ್ನುತ್ತಿದ್ದರು. ಬದಲಾದದ್ದು ಒಂದೇ. ದೀಪಾವಳಿ ಹೊತ್ತಿಗೆ ಎಮ್ಮೆಗಳು ಈದವು, ಮನೆಯಲ್ಲಿ ಮತ್ತೆ ಬೆಣ್ಣೆ ಬಂತು. ಮೊದಲ ಸಲ ಕಡೆದ ದಿನ ಅವರು ಬೆಣ್ಣೆಯ ಉಂಡೆ ಹಿಡಿದುಕೊಂಡು ನಾನು ಕಾಪಿ ತಿದ್ದುತ್ತಿದ್ದಲ್ಲಿಗೆ ಬಂದು ನಿಂತರು. "ಇದನ್ನ ಕಾಸಲೇನವ್ವಾ?" ಎಂದರು. ನಾನು ಗಡಿಬಿಡಿಯಲ್ಲಿ, ಹೂಂ ಕಾಸ್ರಿ ಎಂದೆ. ಎರಡನೆಯ ಸಲವೂ ಕೇಳಿದರು. ಮೂರನೆಯ ಸಲಕ್ಕೆ ನನಗೆ ಗೊತ್ತಾಯಿತು. ದನಿಯಲ್ಲಿ ಕೊಂಕು ಇರಲಿಲ್ಲ. ನಾನು ಹೇಳಿದ್ದನ್ನು ಅವರು ಮನೆಯ ಒಂದು ನೇಮವೆಂದು ತೆಗೆದುಕೊಂಡಿದ್ದರು, ಅಷ್ಟೇ. ಅಮಾವಾಸ್ಯೆಗೆ ಹೊಲದಲ್ಲಿ ಎತ್ತು ಹೂಡಬಾರದು ಎಂಬುದನ್ನು ಪಾಲಿಸುವ ಹಾಗೆಯೇ ಇದನ್ನೂ ಪಾಲಿಸಿದರು.

ವರ್ಷಗಳು ಹಾಗೆಯೇ ಹೋದವು. ಒಂದು ಮಾರ್ಚ್ ತಿಂಗಳು ಪರೀಕ್ಷೆಯ ಕೆಲಸ, ಶಾಲೆಯ ವಾರ್ಷಿಕೋತ್ಸವ, ಅದರ ಕೇಕು, ಎಲ್ಲ ಒಟ್ಟಿಗೆ ಬಂದು ನಾನು ಮನೆಯಲ್ಲಿ ನಿಲ್ಲುವುದೇ ದುರ್ಲಭವಾಗಿತ್ತು. ಮುಂಜಾನೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬಂದು, ಉಂಡು ಬಿದ್ದುಕೊಳ್ಳುತ್ತಿದ್ದೆ. ಒಂದು ರವಿವಾರ ಅಡುಗೆಮನೆಗೆ ಹೋದರೆ ಮೂಲೆಯಿಂದ ಕೆಟ್ಟ ವಾಸನೆ ಬರುತ್ತಿತ್ತು. ಗಡಿಗೆಯ ಮುಚ್ಚಳ ತೆಗೆದೆ. ಆರು ದಿನದ ಬೆಣ್ಣೆ, ಮೇಲೆ ಹಸಿರು ಬೂಷ್ಟು ಕಟ್ಟಿತ್ತು. ಆ ಮನೆಯಲ್ಲಿ ಬೆಣ್ಣೆ ಕೆಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅತ್ತೀ, ಇದನ್ನ ಯಾಕ ಕಾಸಿಲ್ರಿ?" ಎಂದೆ.

ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿದರು. "ನಿನ್ನ ಕೇಳಬೇಕು ಅಂತ ಕಾದೆ ಅಲ್ಲವ್ವಾ. ನೀ ಸಾಲ್ಯಾಗ ಇದ್ದಿ. ಬಂದಾಗ ನೋಡಿದ್ರ ಭಾಳ ದಣದಿರ್ತಿದ್ದಿ, ಎಬ್ಬಸಾಕ ಮನಸ್ಸ ಆಗಲಿಲ್ಲ."

ನಾನು ಅಲ್ಲಿಯೇ ಕೂತೆ. ಅವರ ಕೈ ಹಿಡಿದೆ. ಇದು ನಿಮ್ಮ ಮನೆ, ಅವತ್ತು ನನಗೆ ಬುದ್ಧಿ ಇರಲಿಲ್ಲ, ಇನ್ನು ಮೇಲೆ ನನ್ನನ್ನು ಏನೂ ಕೇಳಬೇಡಿ ಎಂದೆ. ಎಲ್ಲವನ್ನೂ ಹೇಳಿದೆ. ಆರು ವರ್ಷ ತಡವಾಗಿ ಹೇಳಿದೆ. ಅವರು ನನ್ನ ಕೆನ್ನೆ ಸವರಿ, "ಆತು ತಗೋ ಯವ್ವಾ, ಯಾವಾಗಿನ ಮಾತು," ಎಂದು ಮತ್ತೆ ಅಕ್ಕಿಗೆ ಕೈ ಹಾಕಿದರು. ನನಗೆ ಎದೆ ಹಗುರಾಯಿತು.

ಆ ವಾರವೇ ಮತ್ತೆ ಬೆಣ್ಣೆ ಬಂತು. ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅತ್ತೆ ಒಳಗಿನಿಂದ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಬೆಣ್ಣಿ ಕಾಸಲೇನವ್ವಾ ಇವತ್ತ?" ಎಂದು ಕೇಳಿದರು.